ಅಳಿವೆಯ ಹುಳು

ಶಿರೂರಿನ ಕಲ್ಲಿನಲ್ಲಿ ಶಂಖ ಸಿಗುವುದಿಲ್ಲ. ಹತ್ತು ವರ್ಷಗಳಿಂದ ಇಲ್ಲಿರುವ ನಾನು ಎಷ್ಟೋ ಬಾವಿಗಳಿಗೆ ಇಣುಕಿ ನೋಡಿದ್ದೇನೆ. ಮೇಲೆ ಒಂದಿಷ್ಟು ಎರೆಮಣ್ಣು, ಅದರಡಿ ಗರಸು, ಅದರಡಿ ಕರಿಕಲ್ಲು, ನಡುವೆ ಎಲ್ಲೋ ಒಂದು ಕೆಂಪು ಪಟ್ಟಿ, ಮತ್ತೆ ಕರಿಕಲ್ಲು. ಎಲ್ಲೂ ಒಂದು ಚಿಪ್ಪು ಕಾಣಲಿಲ್ಲ. ಆದರೂ 6.6 ಕೋಟಿ ವರ್ಷಗಳ ಹಿಂದೆ ಕಡಲಂಚಿನಲ್ಲಿ ಬದುಕಿ ಅಳಿದುಹೋದ, ಅಕ್ಕಿಕಾಳಿನಷ್ಟು ಚಿಕ್ಕ ಒಂದು ಬಸವನಹುಳುವಿನ ಕತೆಯನ್ನು ಈ ಊರಿನ ಕಲ್ಲಿನಿಂದಲೇ ಶುರು ಮಾಡಬೇಕು. ಆ ಹುಳುವನ್ನು ಮುಚ್ಚಿ ಕಾಪಾಡಿದ್ದು ಈ ಕಲ್ಲಿನ ಬಳಗವೇ.

ಶಿರೂರು ಎಂದ ಕೂಡಲೇ ಕನ್ನಡಿಗರು ಯಾವುದು ಎಂದು ಕೇಳುತ್ತಾರೆ. ಉಡುಪಿ ಕಡೆಯದೇ, ಬಾಗಲಕೋಟೆಯದೇ, 2024ರ ಜುಲೈನಲ್ಲಿ ಗುಡ್ಡ ಕುಸಿದ ಅಂಕೋಲಾದ್ದೇ? ನಾನಿರುವುದು ಪುಣೆ ಜಿಲ್ಲೆಯ ಶಿರೂರಿನಲ್ಲಿ. ಪುಣೆಯಿಂದ ನಗರದ ರಸ್ತೆಯಲ್ಲಿ ಸುಮಾರು 70 ಕಿಲೋಮೀಟರ್, ಘೋಡ್ ನದಿಯ ದಂಡೆ. ಹಳಬರು ಈಗಲೂ ಊರನ್ನು ಘೋಡನದಿ ಎಂದೇ ಕರೆಯುತ್ತಾರೆ. ಪಕ್ಕದ ರಾಂಜಣಗಾಂವದ ಕೈಗಾರಿಕಾ ಪ್ರದೇಶಕ್ಕೆ ಕೆಲಸ ಹುಡುಕಿ ಬಂದ ವಿಜಯಪುರ, ಕಲಬುರಗಿ ಕಡೆಯ ಮಂದಿಯಲ್ಲಿ ನಾನೂ ಒಬ್ಬ. ಘೋಡ್ ಮುಂದೆ ಭೀಮಾ ನದಿಯನ್ನು ಸೇರುತ್ತದೆ, ಭೀಮೆ ಉಜನಿ ಅಣೆಕಟ್ಟು ದಾಟಿ ಸೊಲ್ಲಾಪುರದ ಕಡೆಯಿಂದ ನಮ್ಮ ಸಿಂದಗಿ ಸೀಮೆಗೆ ಬರುತ್ತದೆ. ನಮ್ಮವ್ವ ಇಲ್ಲಿಗೆ ಬಂದಾಗಲೆಲ್ಲ ಸೇತುವೆಯ ಮೇಲೆ ನಿಂತು, "ಈ ನೀರು ನಮ್ಮೂರಿಗಿ ಮುಟ್ಟೂದು ಯಾವಾಗೋ" ಎನ್ನುತ್ತಾಳೆ.

ನೀರಷ್ಟೇ ಅಲ್ಲ, ಕಲ್ಲೂ ಒಂದೇ. ಸಿಂದಗಿಯ ನಮ್ಮ ಹೊಲದ ಕೆಳಗಿರುವುದೂ ಶಿರೂರಿನ ಕೆಳಗಿರುವುದೂ ದಖ್ಖನ್ನಿನ ಬಸಾಲ್ಟ್. ಭೂಮಿ ಬಿರಿದು ಹರಿದ ಲಾವಾ ಆರಿ ಕಲ್ಲಾದದ್ದು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಅದು ಮುಚ್ಚಿಕೊಂಡಿದೆ. ಮಹಾರಾಷ್ಟ್ರದ ಬಹುಪಾಲು, ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಗಳ ದೊಡ್ಡ ಭಾಗ ಅದರೊಳಗೇ ಬರುತ್ತದೆ. ಸಹ್ಯಾದ್ರಿಯಲ್ಲಿ ಈ ಪದರಗಳ ಒಟ್ಟು ದಪ್ಪ ಒಂದೂವರೆ ಕಿಲೋಮೀಟರ್ ದಾಟುತ್ತದೆ. ಇದು ಒಂದೇ ಸಲ ಆದದ್ದಲ್ಲ. ಒಂದು ಹರಿವು, ಆಮೇಲೆ ಬಿಡುವು, ಮತ್ತೆ ಒಂದು ಹರಿವು. ಬಿಡುವು ಉದ್ದವಾದ ಕಡೆ ಕಲ್ಲಿನ ಮೈ ಮಳೆಗಾಳಿಗೆ ಸವೆದು ಮಣ್ಣಾಯಿತು. ಮುಂದಿನ ಹರಿವು ಅದರ ಮೇಲೆ ಬಂದು ಮುಚ್ಚಿತು. ಬಾವಿಯ ಗೋಡೆಯಲ್ಲಿ ಕಾಣುವ ಆ ಕೆಂಪು ಪಟ್ಟಿ ಬಹುಪಾಲು ಇಂಥ ಬಿಡುವಿನ ಗುರುತು.

ಈ ಬಿಡುವುಗಳ ಬಗ್ಗೆ ನಾನು ಓದತೊಡಗಿದ್ದು ಪಳೆಯುಳಿಕೆಗಳ ಮೇಲಿನ ಪ್ರೀತಿಯಿಂದಲ್ಲ, ನಮ್ಮ ಹೊಲದ ನೀರಿನ ಚಿಂತೆಯಿಂದ. ಎರಡು ವರ್ಷಗಳ ಹಿಂದೆ ಬೇಸಿಗೆಯ ಒಂದು ರಾತ್ರಿ ತಮ್ಮ ಫೋನ್ ಮಾಡಿದ. "ಅಣ್ಣಾ, ನಾಕನೂರ ಫೂಟ್ ಹೋತು. ಬರೇ ಧೂಳ ಬರಾಕತ್ತೈತಿ. ಗಾಡಿಯಾಂವ ಇನ್ನೂ ಮುನ್ನೂರು ಹೊಡೀಲೇನು ಅಂತ ಕೇಳ್ತಾನ." ಅದು ಎರಡನೇ ಬೋರು. ಇನ್ನೂ ಮುನ್ನೂರು ಅಡಿ ಎಂದರೆ ಮನೆಯಲ್ಲಿದ್ದ ದುಡ್ಡು ಮುಗಿದು ಸಾಲದ ಮಾತು. ಅದಾದ ಮೇಲೂ ನೀರು ಬೀಳದಿದ್ದರೆ ಆರು ಎಕರೆಯಲ್ಲಿ ಮೂರನ್ನು ಮಾರುವ ಮಾತು. ಕೆಳಗೆ ಏನಿದೆ ಎಂದು ಯಾರಾದರೂ ಬಲ್ಲರೆ? ಆ ರಾತ್ರಿ ನನ್ನನ್ನು ಹಿಡಿದ ಪ್ರಶ್ನೆ ಇಷ್ಟೇ. ಉತ್ತರ ಹುಡುಕುತ್ತ ಹೋದವನಿಗೆ ದಾರಿಯಲ್ಲಿ ಸಿಕ್ಕಿದ್ದು ಆ ಹುಳು.

ಶಿರೂರಿನ ಬಾವಿಗಳಲ್ಲಿ ಬಿಡುವಿನ ಗುರುತು ಕೆಂಪು ಮಣ್ಣು ಮಾತ್ರ. ದಖ್ಖನ್ನಿನ ಅಂಚುಗಳಿಗೆ ಹೋದರೆ ಹಾಗಲ್ಲ. ಅಲ್ಲಿ ಹರಿವುಗಳ ನಡುವೆ ಕೆರೆಗಳು ತುಂಬಿದ್ದವು, ಕೆಸರು ಕೂತಿತ್ತು, ಆ ಕೆಸರಿನಲ್ಲಿ ಜೀವಗಳಿದ್ದವು. ಮುಂಬಯಿಯ ವರಳಿಯಲ್ಲಿ ಇಂಥ ಪದರದೊಳಗೆ ಪುಟ್ಟ ಕಪ್ಪೆಗಳ ಅಸ್ಥಿಗಳು ಸಿಕ್ಕವು. ನಾಗಪುರದ ಸುತ್ತ ಬಸವನಹುಳುಗಳು ರಾಶಿರಾಶಿಯಾಗಿ ಸಿಕ್ಕವು. ನಮ್ಮ ಗುರುಮಠಕಲ್ ಕಡೆಯ ಪದರಗಳಲ್ಲಿ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಸಿಹಿನೀರಿನ ಜೀವಿಗಳ ಚಿಪ್ಪುಗಳು ದೊರೆತಿವೆ. ಕನ್ನಡ ನಾಡಿನ ಆ ತುದಿಯಲ್ಲಿ, ಎರಡು ಬೆಂಕಿಗಳ ನಡುವಿನ ಹೊತ್ತಿನಲ್ಲಿ, ಒಂದು ಕೆರೆ ತುಂಬಿತ್ತು ಎನ್ನುವುದಕ್ಕೆ ಅವು ಸಾಕ್ಷಿ.

ಈ ಕೆರೆಹುಳುಗಳಲ್ಲಿ ಹೆಸರುವಾಸಿಯಾದದ್ದು ಫೈಸಾ ಪ್ರಿನ್ಸೆಪಿ. ಮದ್ರಾಸ್ ಸೈನ್ಯದ ವೈದ್ಯ ಮಾಲ್ಕಮ್‌ಸನ್ ದಖ್ಖನ್ನಿನ ಪೂರ್ವಭಾಗದಲ್ಲಿ ಕೂಡಿಸಿದ ಚಿಪ್ಪುಗಳನ್ನು ನೋಡಿ ಸೋವರ್ಬಿ 1840ರಲ್ಲಿ ಇಟ್ಟ ಹೆಸರು ಅದು. ಅಶೋಕನ ಬ್ರಾಹ್ಮಿ ಲಿಪಿಯನ್ನು ಓದಿದ ಜೇಮ್ಸ್ ಪ್ರಿನ್ಸೆಪ್‌ನ ನೆನಪಿಗೆ. ಅದರ ಸುರುಳಿ ಎಡಕ್ಕೆ. ಚಿಪ್ಪಿನ ತುದಿ ಮೇಲಾಗಿ, ಬಾಯಿ ನಮ್ಮ ಕಡೆಗಾಗಿ ಹಿಡಿದರೆ ಬಾಯಿ ಎಡಗಡೆಗೆ ಬರುತ್ತದೆ. ಬಹುಪಾಲು ಬಸವನಹುಳುಗಳದ್ದು ಬಲಕ್ಕೆ. ಇಲ್ಲೊಂದು ತಮಾಷೆ ಇದೆ. ನಾವು ದೇವರ ಮನೆಯಲ್ಲಿ ಅಪರೂಪವೆಂದು ಪೂಜಿಸುವ ಬಲಮುರಿ ಶಂಖವನ್ನು ವಿಜ್ಞಾನದವರು ಎಡಸುರುಳಿಯದು ಎನ್ನುತ್ತಾರೆ. ನಾವು ಶಂಖದ ತುದಿಯನ್ನು ಕೆಳಗೆ ಮಾಡಿ ಹಿಡಿಯುತ್ತೇವೆ, ಅವರು ಮೇಲೆ ಮಾಡಿ ಹಿಡಿಯುತ್ತಾರೆ. ಅಷ್ಟೇ ವ್ಯತ್ಯಾಸ. ಹಾಗೆ ನೋಡಿದರೆ ದಖ್ಖನ್ನಿನ ಆ ಹಳೆಯ ಕೆರೆಗಳ ತುಂಬ ಇದ್ದದ್ದು ಬಲಮುರಿಗಳೇ.

ಇವೆಲ್ಲ ಸಿಹಿನೀರಿನ ಮಾತಾಯಿತು. ಕಡಲಿಗೆ ಬರಬೇಕಾದರೆ ಪೂರ್ವಕ್ಕೆ ಹೋಗಬೇಕು.

ಗೋದಾವರಿಯ ದಂಡೆಯ ರಾಜಮಹೇಂದ್ರವರದ ಬಳಿ ದಖ್ಖನ್ನಿನ ಬಸಾಲ್ಟ್ ಒಂದು ತುಂಡಿನಂತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಉಳಿದ ದಖ್ಖನ್ನಿಗೂ ಅದಕ್ಕೂ ನಡುವೆ ನೂರಾರು ಕಿಲೋಮೀಟರ್ ಅಂತರ. ಅದು ಅಲ್ಲಿಯೇ ಉಕ್ಕಿದ್ದೋ, ಇಲ್ಲಿಂದ ಹರಿದು ಹೋದದ್ದೋ ಎಂಬ ಚರ್ಚೆ ಬಹಳ ಕಾಲ ನಡೆಯಿತು. ಕಲ್ಲಿನ ರಾಸಾಯನಿಕ ಗುಣ, ಕಾಂತಗುಣ, ವಯಸ್ಸು ಎಲ್ಲವನ್ನೂ ಹೋಲಿಸಿದಾಗ ಅದು ಮಹಾಬಳೇಶ್ವರದ ಸುತ್ತಣ ಹರಿವುಗಳ ಜೊತೆ ತಾಳೆಯಾಯಿತು. ಅಂದರೆ ಸಹ್ಯಾದ್ರಿಯ ಕಡೆ ಉಕ್ಕಿದ ಲಾವಾ ಹಳೆಯ ನದಿಕಣಿವೆಗಳ ಜಾಡು ಹಿಡಿದು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಹರಿದು ಪೂರ್ವದ ಕಡಲನ್ನು ಮುಟ್ಟಿತ್ತು. ಭೂಮಿಯ ಮೇಲೆ ನಮಗೆ ಗೊತ್ತಿರುವ ಅತಿ ಉದ್ದದ ಲಾವಾ ಹರಿವುಗಳಲ್ಲಿ ಇವು ಸೇರಿವೆ. ಮೇಲಿನ ಮೈ ಬೇಗ ಆರಿ ತೊಗಟೆಗಟ್ಟುತ್ತದೆ, ಒಳಗಿನ ಬಿಸಿ ಆರದೆ ಮುಂದೆ ಸರಿಯುತ್ತಲೇ ಇರುತ್ತದೆ. ಅಷ್ಟು ದೂರ ಹೋಗುವುದು ಸಾಧ್ಯವಾದದ್ದು ಹಾಗೆ.

ಅಲ್ಲಿ ಬಸಾಲ್ಟಿನ ಅಡಿಯಲ್ಲಿ ಕಡಲ ಸುಣ್ಣಕಲ್ಲಿದೆ. ಅದರಲ್ಲಿ ಟರಿಟೆಲ್ಲಾ ಎಂಬ ಶಂಖದ ಹುಳುವಿನ ಚಿಪ್ಪುಗಳಿವೆ, ಉದ್ದನೆಯ ತಿರುಪುಮೊಳೆಯ ಹಾಗೆ. ಈ ಕುಲದ ಹುಳುಗಳು ಇಂದಿಗೂ ನಮ್ಮ ಕರಾವಳಿಯಲ್ಲಿ ಜೀವಂತವಾಗಿವೆ. ಆ ಸುಣ್ಣಕಲ್ಲಿನ ಮೇಲೆ ಲಾವಾದ ಒಂದು ಹಂತ. ಅದರ ಮೇಲೆ ಮತ್ತೆ ತೆಳ್ಳಗಿನ ಒಂದು ಕೆಸರುಗಲ್ಲಿನ ಪದರ. ಅದರ ಮೇಲೆ ಲಾವಾದ ಇನ್ನೊಂದು ಹಂತ. ನಮ್ಮ ಹುಳು ಇರುವುದು ಆ ನಡುವಿನ ಪದರದಲ್ಲಿ. ಊರಿಗೆ ಅಂಟಿಕೊಂಡಂತಿರುವ ಕಾಟೇರು ಎಂಬಲ್ಲಿ ಈ ಪದರದ ಚಿಪ್ಪುಗಳು ಹತ್ತೊಂಬತ್ತನೇ ಶತಮಾನದಲ್ಲೇ ಹೆಸರಾಗಿದ್ದವು.

ಅವುಗಳಿಗೆ ಹೆಸರಿಟ್ಟವನು ನಾಗಪುರದಲ್ಲಿದ್ದ ಸ್ಕಾಟಿಷ್ ಪಾದ್ರಿ ಸ್ಟೀಫನ್ ಹಿಸ್ಲಾಪ್. 1860ರಲ್ಲಿ ಪ್ರಕಟವಾದ ಅವನ ಪ್ರಬಂಧದಲ್ಲಿ ಇಲ್ಲಿಯ ಚಿಪ್ಪುಗಳ ಉದ್ದ ಪಟ್ಟಿಯೇ ಇದೆ. ಸಿಂಪಿಗಳು, ಸೆರಿಥಿಯಂ ಎಂಬ ಗೋಪುರದಾಕಾರದ ಶಂಖಗಳು, ಅವುಗಳ ನಡುವೆ ಹೈಡ್ರೋಬಿಯಾ ಎಲಿಯೋಟಿ ಎಂಬ ಒಂದು ಪುಟ್ಟ ಹುಳು. ಹೈಡ್ರೋಬಿಯಾ ಬಳಗದವು ಇಂದಿಗೂ ಬೇರೆ ದೇಶಗಳ ಅಳಿವೆಗಳಲ್ಲಿ, ಉಪ್ಪುನೀರು ಸಿಹಿನೀರು ಬೆರೆಯುವ ಕೆಸರಿನಲ್ಲಿ ಇವೆ. ಕೆಲವೇ ಮಿಲಿಮೀಟರ್ ಮೈ, ಕೆಸರಿನ ಮೇಲಿನ ಪಾಚಿ ತಿಂದು ಬದುಕು. ಕಾಟೇರಿನ ಈ ಬಗೆ ಮಾತ್ರ ಕಲ್ಲಿನಲ್ಲಷ್ಟೇ ಉಳಿದಿದೆ. ಅಳಿವೆ ಮತ್ತು ಅಳಿವು ಎಂಬ ಎರಡು ಪದ ನಮ್ಮಲ್ಲಿ ಇಷ್ಟು ಹತ್ತಿರ ಇರುವುದು ಈ ಹುಳುವನ್ನು ಓದುವಾಗ ನನಗೆ ಮೊದಲ ಸಲ ಕಿವಿಗೆ ಬಿತ್ತು.

ಎಲಿಯೋಟಿ ಎಂಬ ಹೆಸರಿನ ಹಿಂದಿರುವ ವಾಲ್ಟರ್ ಎಲಿಯಟ್ ಕನ್ನಡಿಗರಿಗೆ ಹೊಸಬನಲ್ಲ. 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಕೋಟೆಯೆದುರು ಥ್ಯಾಕರೆ ಸತ್ತಾಗ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಇಬ್ಬರು ತರುಣ ಅಧಿಕಾರಿಗಳಲ್ಲಿ ಅವನೊಬ್ಬ. ಬಿಡುಗಡೆಯಾದ ಮೇಲೆ ಧಾರವಾಡ ಸೀಮೆಯಲ್ಲಿದ್ದುಕೊಂಡು ಕನ್ನಡ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ಪ್ರತಿ ಮಾಡಿಸಿದ. ಚಾಲುಕ್ಯರ ವಂಶಾವಳಿಯನ್ನು ಜೋಡಿಸುವುದಕ್ಕೆ ಆ ಸಂಗ್ರಹ ನೆರವಾಯಿತು. ಆಮೇಲೆ ಗೋದಾವರಿ ಕೃಷ್ಣಾ ಸೀಮೆಯ ಕಮಿಷನರ್ ಆಗಿದ್ದ. 1845ರಲ್ಲಿ ಅಮರಾವತಿಯ ಸ್ತೂಪವನ್ನು ಅಗೆಸಿದವನೂ ಅವನೇ. ಪ್ರಿನ್ಸೆಪ್, ಎಲಿಯಟ್ ಇಬ್ಬರೂ ಕಲ್ಲಿನ ಮೇಲಿನ ಅಕ್ಷರಗಳ ಹಿಂದೆ ಬಿದ್ದವರು. ಕಲ್ಲಿನೊಳಗಿನ ಎರಡು ಹುಳುಗಳು ಅವರ ಹೆಸರು ಹೊತ್ತಿವೆ. ಹಿಸ್ಲಾಪ್ ಮಾತ್ರ ಹೆಚ್ಚು ದಿನ ಬದುಕಲಿಲ್ಲ. 1863ರ ಸೆಪ್ಟೆಂಬರಿನಲ್ಲಿ ನಾಗಪುರದ ದಕ್ಷಿಣಕ್ಕೆ ಟಾಕಳಘಾಟದ ಪುರಾತನ ಕಲ್ಲುಗೋರಿಗಳನ್ನು ನೋಡಿ ಮರಳುವಾಗ ಉಕ್ಕಿದ ಹಳ್ಳ ದಾಟಲು ಹೋಗಿ ಮುಳುಗಿ ಸತ್ತ.

ಹೋದ ವರ್ಷ ಕೆಲಸದ ಮೇಲೆ ರಾಜಮಹೇಂದ್ರವರಕ್ಕೆ ಹೋಗಿದ್ದೆ. ಅರ್ಧ ದಿನ ಬಿಡುವು ಮಾಡಿಕೊಂಡು ಆಟೋ ಹಿಡಿದೆ. ಕಲ್ಲಿನ ಕ್ವಾರಿ ಎಂದರೆ ಡ್ರೈವರಿಗೆ ಗೊತ್ತು, ಶಂಖ ಎಂದರೆ ದೇವಸ್ಥಾನದ ಕಡೆ ತಿರುಗಿಸಿದ. ಕೊನೆಗೆ ನೀರು ನಿಂತ ಒಂದು ಹಳೆಯ ಗುಂಡಿಯ ಅಂಚಿಗೆ ತಂದು ಬಿಟ್ಟ. ಗೋಡೆಯಲ್ಲಿ ಕರಿಕಲ್ಲು, ಕರಿಕಲ್ಲಿನ ನಡುವೆ ಹಾಲುಬಣ್ಣಕ್ಕೆ ತಿರುಗಿದ ಒಂದು ಪಟ್ಟಿ. ಶಿರೂರಿನ ಬಾವಿಯಲ್ಲಿ ಕೆಂಪು ಪಟ್ಟಿ ಇರುವಂತೆಯೇ, ಬಣ್ಣ ಮಾತ್ರ ಬೇರೆ. ಕೆಳಗೆ ಉದುರಿದ ಒಂದು ಹೆಂಟೆಯನ್ನು ಎತ್ತಿ ಬಿಸಿಲಿಗೆ ಹಿಡಿದೆ. ಚಿಪ್ಪಿನ ಚೂರುಗಳು ಒಂದರ ಮೇಲೊಂದು ಒತ್ತಿಕೊಂಡಿದ್ದವು, ಸಂತೆ ಮುಗಿದ ಮೇಲೆ ನೆಲದ ಮೇಲುಳಿದ ಸಿಪ್ಪೆಗಳ ಹಾಗೆ. ಅದರಲ್ಲಿ ಎಲಿಯೋಟಿ ಯಾವುದು ಎಂದು ಗುರುತಿಸುವ ಕಣ್ಣು ನನ್ನದಲ್ಲ. ಅದಕ್ಕೆ ಸೂಕ್ಷ್ಮದರ್ಶಕ ಬೇಕು. ಹೆಂಟೆಯನ್ನು ಅಲ್ಲೇ ಇಟ್ಟು ಬಂದೆ.

ಆಟೋದಲ್ಲಿ ಮರಳುವಾಗ ಯೋಚಿಸುತ್ತಿದ್ದೆ. ಈ ಪದರ ಜಗತ್ತಿನ ಕಣ್ಣಿಗೆ ಬಿದ್ದದ್ದು ಕ್ವಾರಿಯವರಿಂದ. ರಸ್ತೆಗೆ ಜಲ್ಲಿ ಬೇಕು ಎಂದು ಕರಿಕಲ್ಲನ್ನು ಒಡೆದದ್ದರಿಂದ ಬಿಳಿ ಪಟ್ಟಿ ಹೊರಬಿತ್ತು. ಅದೇ ಕ್ವಾರಿ ಮುಂದುವರಿದರೆ ಪಟ್ಟಿಯೂ ಹೋಗುತ್ತದೆ. ನಮ್ಮ ಶಿರೂರಿನ ಸುತ್ತಲೂ ಕ್ರಷರುಗಳಿವೆ. ಅವು ಒಡೆಯುವ ಕಲ್ಲಿನಲ್ಲಿ ಶಂಖ ಇಲ್ಲದ್ದರಿಂದ ಯಾರೂ ಬಂದು ನೋಡುವುದಿಲ್ಲ.

ಈಗ ಆ ಹುಳುವಿನ ಕಾಲಕ್ಕೆ ಬರೋಣ. ಕಾಟೇರಿನ ನಡುಪದರ ಯಾವ ಕಾಲದ್ದು ಎಂಬುದಕ್ಕೆ ಗಟ್ಟಿ ಉತ್ತರ ಸಿಕ್ಕಿದ್ದು ಇತ್ತೀಚೆಗೆ. ಗರ್ಟಾ ಕೆಲ್ಲರ್, ಸುನಿಲ್ ಬಾಜಪೇಯಿ ಮತ್ತಿತರರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿಯ ಕ್ವಾರಿಗಳ ಕೆಸರಿನಲ್ಲಿರುವ, ಕಡಲಲ್ಲಿ ತೇಲುವ ಸೂಕ್ಷ್ಮಜೀವಿಗಳ ಚಿಪ್ಪುಗಳನ್ನು ಆಧರಿಸಿದೆ. ಆ ಜೀವಿಗಳು ಡೈನೊಸಾರುಗಳು ಅಳಿದ ಮಹಾವಿನಾಶದ ಆಚೆಯವು, ಅದಾಗಿ ಹೆಚ್ಚು ಕಾಲ ಕಳೆಯುವ ಮೊದಲಿನವು. ಆ ವಿನಾಶಕ್ಕೆ ಮೆಕ್ಸಿಕೋದಲ್ಲಿ ಬಿದ್ದ ಕ್ಷುದ್ರಗ್ರಹವೇ ಕಾರಣವೋ, ದಖ್ಖನ್ನಿನ ಲಾವಾ ಉಗುಳಿದ ಅನಿಲಗಳ ಪಾಲು ಎಷ್ಟೋ ಎಂಬ ವಾದ ಇನ್ನೂ ನಡೆದಿದೆ. ಹೆಚ್ಚಿನ ವಿಜ್ಞಾನಿಗಳು ಕ್ಷುದ್ರಗ್ರಹದ ಕಡೆ. ಕೆಲ್ಲರ್ ಲಾವಾದ ಕಡೆ.

ವಾದ ಏನೇ ಇರಲಿ, ಹೈಡ್ರೋಬಿಯಾ ಎಲಿಯೋಟಿ ಬದುಕಿದ ಗಳಿಗೆ ನನ್ನನ್ನು ಹಿಡಿದು ನಿಲ್ಲಿಸಿತು. ಕೆಳಗೆ ಆರಿದ ಲಾವಾ. ಹಿಂದೆ ಭೂಮಿಯ ಜೀವಗಳಲ್ಲಿ ಬಹುಪಾಲು ಅಳಿದ ದುರಂತ. ಮುಂದೆ ಇನ್ನೊಂದು ಲಾವಾ ಹರಿವು. ಇವುಗಳ ನಡುವೆ ಕಡಲು ಮತ್ತೆ ಒಳಗೆ ಬಂತು, ಹೊಳೆ ಮಣ್ಣು ತಂದು ಹಾಕಿತು, ಪಾಚಿ ಬೆಳೆಯಿತು, ಅಕ್ಕಿಕಾಳಿನಷ್ಟು ಹುಳುಗಳು ಆ ಪಾಚಿಯನ್ನು ಮೇಯ್ದವು. ನಾವು ಬಿಡುವು ಎಂದು ಒಂದೇ ಮಾತಿನಲ್ಲಿ ಹೇಳುವ ಆ ಹೊತ್ತು ಅವುಗಳಿಗೆ ಎಷ್ಟು ದೊಡ್ಡದು! ಲಕ್ಷಗಟ್ಟಲೆ ವರ್ಷಗಳಲ್ಲಿ ಲಕ್ಷಗಟ್ಟಲೆ ತಲೆಮಾರು ಅಲ್ಲಿ ಹುಟ್ಟಿ ಸತ್ತವು. ಮನುಷ್ಯ ಜೋಳ ಬಿತ್ತಲು ಕಲಿತು ಹತ್ತು ಸಾವಿರ ವರ್ಷವೂ ಆಗಿಲ್ಲ. ನಮ್ಮ ಇಡೀ ಒಕ್ಕಲುತನ ಆ ಹುಳುಗಳ ಬಿಡುವಿನ ಒಂದು ಮೂಲೆಯಲ್ಲಿ ಕೂತೀತು.

ಇದು ತಮ್ಮನ ಬೋರಿಗೆ ಏನು ಹೇಳಿತು? ಬಹಳ ಹೇಳಿತು. ಬಸಾಲ್ಟ್ ಗಟ್ಟಿಕಲ್ಲು, ಅದರ ಮೈಯಲ್ಲಿ ಮರಳಿನ ಹಾಗೆ ನೀರು ನಿಲ್ಲುವುದಿಲ್ಲ. ನೀರು ಇರುವುದು ಮೇಲಿನ ಗರಸಿನಲ್ಲಿ, ಬಿರುಕುಗಳಲ್ಲಿ, ಮತ್ತು ಒಂದು ಹರಿವಿನ ತೂತುತೂತಾದ ನೆತ್ತಿಗೂ ಅದರ ಮೇಲಿನ ಹರಿವಿನ ಬುಡಕ್ಕೂ ನಡುವೆ. ಅಂದರೆ ಆ ಬಿಡುವುಗಳ ಜಾಗದಲ್ಲಿ. ಎಲ್ಲ ಬಿಡುವಿನಲ್ಲೂ ನೀರಿಲ್ಲ, ಕೆಂಪು ಜಿಗುಟು ಮಣ್ಣು ಎಷ್ಟೋ ಕಡೆ ನೀರನ್ನು ತಡೆಯುತ್ತದೆ. ಆದರೆ ಆಳಕ್ಕೆ ಹೋದಷ್ಟೂ ಬಿರುಕುಗಳು ಬಿಗಿಯಾಗುತ್ತವೆ. ಏಳುನೂರು ಅಡಿಯಲ್ಲಿ ಸಿಕ್ಕೇ ಸಿಗುತ್ತದೆ ಎನ್ನುವುದಕ್ಕೆ ಕಲ್ಲಿನಲ್ಲಿ ಆಧಾರವಿಲ್ಲ. ಮೇಲಿನ ಬಿಡುವುಗಳು ಮಳೆಯಿಂದ ತುಂಬದಿದ್ದರೆ ಕೆಳಗಿನವಕ್ಕೆ ನೀರು ಎಲ್ಲಿಂದ ಬರಬೇಕು? ಶಿರೂರಿನಲ್ಲಿ ನಮ್ಮ ಮನೆಯ ಮಾಲೀಕರಾದ ಕಾಕಾ ಇದನ್ನು ಯಾವ ಪುಸ್ತಕವೂ ಇಲ್ಲದೆ ಹೇಳಿದ್ದರು. "ಕೆಂಪು ಪಟ್ಟಿಯ ಮೇಲೆ ಒಸರು ಇದ್ದರೆ ಅಲ್ಲಿಗೇ ನಿಲ್ಲಿಸಿ ಬಾವಿ ಅಗಲ ಮಾಡಬೇಕು, ಆಳ ಮಾಡಬಾರದು" ಎಂದು.

ನಮ್ಮ ಹೊಲದಲ್ಲಿ ಅಜ್ಜ ತೋಡಿಸಿದ ಬಾವಿ ಇತ್ತು. ಬೋರಿನ ಕಾಲ ಬಂದ ಮೇಲೆ ಹಾಳುಬಿದ್ದು ಅರ್ಧ ಹೂಳು ತುಂಬಿತ್ತು. ತಮ್ಮ ಮೂರನೇ ಬೋರಿಗೆ ಸಾಲ ಮಾಡುವ ಮೊದಲು ಆ ಬಾವಿಯ ಹೂಳು ತೆಗೆಸೋಣ ಎಂದು ನಾನು ಹೇಳಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಬಾವಿಯಿಂದ ಆರೂ ಎಕರೆಗೆ ನೀರಾಗುವುದಿಲ್ಲ ಎಂಬುದು ಅವನಿಗೂ ಗೊತ್ತು, ನನಗೂ ಗೊತ್ತು. "ಕಬ್ಬು ಮರತ ಬಿಡಬೇಕಾಗ್ತದ ಅಣ್ಣಾ" ಎಂದ. "ಹೊಲ ಇರ್ತದಲ್ಲೋ ತಮ್ಮಾ" ಎಂದೆ. ಅವ್ವ ನಡುವೆ ಬಾಯಿ ಹಾಕಿ, "ಅಜ್ಜ ಆ ಬಾವಿ ಮ್ಯಾಲೆ ಜ್ವಾಳ ಕಡ್ಲಿ ಬೆಳದು ಮೂರು ಹೆಣ್ಣಮಕ್ಕಳ ಲಗ್ನ ಮಾಡ್ಯಾನ" ಎಂದಳು. ಅಲ್ಲಿಗೆ ಮಾತು ಮುಗಿಯಿತು.

ಮಳೆಗಾಲಕ್ಕೆ ಮುಂಚೆ ಹೂಳು ತೆಗೆಸಿದೆವು. ಹೊಲದ ಇಳಿಜಾರಿಗೆ ಒಡ್ಡು ಹಾಕಿಸಿದೆವು. ಆ ವರ್ಷ ಬಾವಿಯಲ್ಲಿ ಜನವರಿಯ ತನಕ ನೀರು ನಿಂತಿತು. ಆಮೇಲೆ ತಳ ಕಂಡಿತು. ಎರಡು ಎಕರೆ ಕಡಲೆಗೆ ಒಂದು ನೀರು ಕೊಡುವುದಾಯಿತು, ಮನೆಗೂ ದನಗಳಿಗೂ ಸಾಕಾಯಿತು. ಹೊಲ ಮಾರಲಿಲ್ಲ. ಮುಂದಿನ ವರ್ಷದ ಮಾತು ಮುಂದಿನ ಮಳೆಗೆ ಬಿಟ್ಟದ್ದು.

ಹೂಳು ತೆಗೆಯುವ ದಿನ ನಾನೂ ಊರಿನಲ್ಲಿದ್ದೆ. ಬುಟ್ಟಿಗಟ್ಟಲೆ ಕಪ್ಪು ರಾಡಿ ಮೇಲೆ ಬಂದು ದಂಡೆಯ ಮೇಲೆ ಒಣಗಿದಾಗ ಅದರೊಳಗೆ ಏನೋ ಬೆಳ್ಳಗೆ ಮಿನುಗಿತು. ಕೈಯಿಂದ ಪುಡಿ ಮಾಡಿ ನೋಡಿದರೆ ನೂರಾರು ಸಣ್ಣ ಚಿಪ್ಪುಗಳು, ಗೋಪುರದ ಹಾಗೆ ಚೂಪಾದ ತಿರುಪು, ಒಂದೊಂದೂ ಬೆರಳಿನ ಗೆಣ್ಣಿನಷ್ಟು. ದಖ್ಖನ್ನಿನ ಹೊಳೆ ಬಾವಿಗಳಲ್ಲೆಲ್ಲ ಈಗ ಬದುಕಿರುವ ಮೆಲನಾಯ್ಡಿಸ್ ಎಂಬ ಸಿಹಿನೀರಿನ ಹುಳುವಿನವು. ಅಜ್ಜನ ಕಾಲದಿಂದ ಆ ಬಾವಿಯಲ್ಲಿ ಹುಟ್ಟಿ ಸತ್ತು ತಳಕ್ಕೆ ಕೂತವು. ಹಾಗೇ ಬಿಟ್ಟು, ಮೇಲೆ ಏನಾದರೂ ಬಂದು ಮುಚ್ಚಿದ್ದರೆ, ಯಾವ ಕಾಲಕ್ಕೋ ಅವೂ ಒಂದು ಬಿಳಿ ಪಟ್ಟಿ ಆಗುತ್ತಿದ್ದವೇನೋ. ಒಂದು ಹಿಡಿ ಎತ್ತಿ ತಮ್ಮನಿಗೆ ತೋರಿಸಿದೆ. ಅವನು ಅಂಗೈಯಲ್ಲಿ ಹರಡಿಕೊಂಡು ನೋಡಿದ, ಒಂದನ್ನು ಬೆರಳಿನಿಂದ ಒತ್ತಿ ಪುಡಿ ಮಾಡಿದ.

"ಛಲೋ ಆತು ಬಿಡಣ್ಣಾ, ಸುಣ್ಣ ಐತಿ ಇದರಾಗ" ಎಂದು, ಆಳುಗಳ ಕಡೆ ತಿರುಗಿ, "ಎಲ್ಲಾ ರಾಡಿ ಕಡ್ಲಿ ಹೊಲಕ್ಕ ಹಾಕ್ರಿ" ಎಂದ.